ಎರೆಯ ಹೊಲವೂ ಅಗ್ನಿಶಿಲೆಯ ಮಣ್ಣೇ

ಅಗ್ನಿಪರ್ವತವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಜಪಾನಿನ ಫುಜಿಯೋ ಆಫ್ರಿಕದ ಕಿಲಿಮಂಜಾರೊವೋ ನಿಲ್ಲುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ಹೊಲ ನಿಲ್ಲುವುದಿಲ್ಲ. ಆದರೆ ಅಲ್ಲಿನ ಎರೆಮಣ್ಣು ಬಹುಮಟ್ಟಿಗೆ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾ ಶಿಲೆಯು ಶಿಥಿಲವಾಗಿ ಆದುದು.

ಎತ್ತರದ ಬೆಟ್ಟಗಳಲ್ಲಿ ಸೂಕ್ಷ್ಮಜೀವಿಗಳ ಸಮುದಾಯ ಹೇಗೆ ಬದಲಾಗುತ್ತದೆಂಬುದನ್ನು ವಿಜ್ಞಾನಿಗಳು ಶ್ರದ್ಧೆಯಿಂದ ಅರಸುತ್ತಿದ್ದಾರೆ. 3,776 ಮೀಟರು ಎತ್ತರದ ಫುಜಿಯ ಮಣ್ಣನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಬ್ಯಾಕ್ಟೀರಿಯಗಳ ವೈವಿಧ್ಯವು ಬುಡದಲ್ಲಿಯೂ ತುದಿಯಲ್ಲಿಯೂ ಕಡಮೆ, ನಡುವಣ ಎತ್ತರದಲ್ಲಿ ಅಧಿಕ. ಎತ್ತರವು ತಾನಾಗಿ ಏನನ್ನೂ ಮಾಡದು. ಸಾವಿರ ಮೀಟರು ಏರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ತೇವ, ಗಿಡಮರ, ಮಣ್ಣಿನ ಆಮ್ಲತೆ ಬದಲಾಗುತ್ತವೆ. ಜೀವಿಗಳು ಇವುಗಳನ್ನು ಅನುಸರಿಸುತ್ತವೆ.

ಆಳಂದವಿರುವುದು ಸಮುದ್ರಮಟ್ಟದಿಂದ ಸುಮಾರು 480 ಮೀಟರಿನಲ್ಲಿ, ಜೇವರ್ಗಿ ಸುಮಾರು 390ರಲ್ಲಿ. ಮೇಲಿನ ಲೆಕ್ಕದಂತೆ ಉಷ್ಣತೆಯ ಅಂತರ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೆ. ಆದಕಾರಣ ಇಲ್ಲಿ ನೋಡತಕ್ಕದ್ದೇನೂ ಇಲ್ಲವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಮಡ್ಡಿಯ ತೆಳುಮಣ್ಣು ಮಳೆ ನಿಂತೊಡನೆ ಒಣಗುತ್ತದೆ. ತಗ್ಗಿನ ಎರೆ ವಾರಗಟ್ಟಲೆ ಹಸಿಯಾಗಿದ್ದು, ಗಾಳಿಯಾಡದೆ ಬಿಗಿದುಕೊಂಡು, ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ತೇವದ ಮಟ್ಟಿಗಾದರೂ ಒಂದೇ ಹೊಲದ ಏರುತಗ್ಗು ಒಂದು ಸಣ್ಣ ಬೆಟ್ಟವೇ ಸರಿ.

ಇದು ಬರಿಯ ಕುತೂಹಲದ ಮಾತಲ್ಲ. ಈ ಸೀಮೆಯ ಬದುಕು ತೊಗರಿಯನ್ನು ನಂಬಿದೆ. ದ್ವಿದಳ ಗಿಡಗಳ ಬೇರಿನ ಗಂಟುಗಳಿಂದ ಬೈಯರಿಂಕರು 1888ರಲ್ಲಿ ಬೇರ್ಪಡಿಸಿ ತೋರಿಸಿದ ಬ್ಯಾಕ್ಟೀರಿಯಗಳ ಬಳಗವೇ ತೊಗರಿಗೂ ಗಾಳಿಯ ಸಾರಜನಕವನ್ನು ಉಣಿಸುತ್ತದೆ. ಅದೇ ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರವೂ ವರ್ಷಾನುಗಟ್ಟಲೆ ಹೊಂಚಿರುತ್ತದೆ. ನೆಟೆ ರೋಗವನ್ನು ತರುವುದು ಅದೇ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ರೈತರು ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲಿಯೇ ಒಣಗಿದ ಹೊಲಗಳನ್ನು ನೋಡಬೇಕಾಯಿತು. ತೊಗರಿಯ ಹಿಂದೆ ತೊಗರಿಯನ್ನೇ ಬಿತ್ತಿದರೆ ಶಿಲೀಂಧ್ರ ಬಲಿಯುತ್ತದೆ. ನಡುವೆ ಜೋಳ ಬಂದರೆ ಕುಗ್ಗುತ್ತದೆ.

ಎರೆಭೂಮಿ ಹತ್ತಿಗೆ ಒಳ್ಳೆಯದೆಂದು ಬಾಯಿಪಾಠ ಮಾಡಿಸಿ ಪಾಠ ಮುಗಿಸುವುದು ಸಾಲದು. ಈ ಮೂರು ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆಯೂ ಬಿತ್ತನೆಯಾದ ಆರೇಳು ವಾರಗಳಿಗೆ ಮಡ್ಡಿಯಿಂದ ಹತ್ತು, ತಗ್ಗಿನಿಂದ ಹತ್ತು ಗಿಡಗಳನ್ನು ಆರಿಸಿ ಗಂಟುಗಳನ್ನು ಎಣಿಸಲಿ. ರೈತನ ಅಪ್ಪಣೆ ಪಡೆದೇ ಎನ್ನಿ! ಗಂಟನ್ನು ಕೊಯ್ದಾಗ ಒಳಗೆ ನಸುಗೆಂಪಿದ್ದರೆ ಅದು ದುಡಿಯುತ್ತಿದೆ. ಹಸುರೋ ಬೂದಿಯೋ ಆಗಿದ್ದರೆ ದುಡಿಮೆ ನಿಂತಿದೆ. ಗಿಡವನ್ನು ಗುದ್ದಲಿಯಿಂದ ಹೆಂಟೆಸಹಿತ ಎತ್ತಿ ನೀರಿನಲ್ಲಿ ನೆನೆಯಿಸಬೇಕು. ಕಿತ್ತೆಳೆದರೆ ಗಂಟುಗಳು ಎರೆಯಲ್ಲಿಯೇ ಉಳಿದುಬಿಡುತ್ತವೆ.