ಪ್ರೀಮಿಯಂ ಹಾಕ್ಲಾ, ಸಾರ್?

ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತಿರುವ ಅಜ್ಜ-ಅಜ್ಜಿಯರೇ, ಈ ವಾರ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಐದು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ಹುಡುಕಿದವನು ನಾನು. ಆದರೆ ನನ್ನ ಮನೆಯ ಲೆಕ್ಕದಲ್ಲಿ ಮೂರು ವರ್ಷ ದುಡ್ಡು ಸೋರಿದ್ದು ನನಗೇ ಕಾಣಲಿಲ್ಲ. ಅದನ್ನು ಕಂಡುಹಿಡಿದವಳು ಎಂಟನೇ ತರಗತಿಯ ಮೊಮ್ಮಗಳು ಪುಟ್ಟಿ.

ನಮ್ಮದು ಹನ್ನೊಂದು ವರ್ಷದ ಹಳೆಯ ಸಣ್ಣ ಕಾರು. ಕೊಂಡ ದಿನದಿಂದ ಒಂದು ಪೆಟ್ರೋಲ್ ಪುಸ್ತಕ ಇಟ್ಟಿದ್ದೇನೆ. ತಾರೀಖು, ಮೀಟರ್, ಲೀಟರ್, ರೂಪಾಯಿ, ನಾಲ್ಕು ಕಾಲಂ. ಮೂರು ವರ್ಷದ ಹಿಂದೆ ಬಂಕಿನ ಹುಡುಗ ಕೇಳಿದ: "ಪ್ರೀಮಿಯಂ ಹಾಕ್ಲಾ, ಸಾರ್? ಇಂಜಿನ್‌ಗೆ ಒಳ್ಳೇದು." ಹಿಂದೆ ದೊಡ್ಡ ಕಾರೊಂದು ನಿಂತಿತ್ತು. ಬೇಡ ಎನ್ನಲು ಏನೋ ಸಂಕೋಚ. "ಹಾಕಪ್ಪ" ಎಂದೆ. ಲೀಟರಿಗೆ ಎಂಟು ರೂಪಾಯಿ ಹೆಚ್ಚು. ಮನೆಗೆ ಬರುವಾಗ ಕಾರು ಹಗುರಾಗಿ ಓಡಿದ ಹಾಗೆ ಅನ್ನಿಸಿತು. ದುಡ್ಡು ಕೊಟ್ಟ ಮೇಲೆ ಹಾಗೆ ಅನ್ನಿಸಲೇಬೇಕಲ್ಲ! ವಯಸ್ಸಾದವರಿಗೆ ಚ್ಯವನಪ್ರಾಶ ಇದ್ದ ಹಾಗೆ ಹಳೆ ಕಾರಿಗೆ ಇದು ಎಂದುಕೊಂಡೆ. ಅದೇ ರೂಢಿಯಾಯಿತು.

ಕಳೆದ ಬೇಸಿಗೆ ರಜೆಯಲ್ಲಿ ಪುಟ್ಟಿ ಆ ಪುಸ್ತಕ ತಿರುವುತ್ತಾ ಕೇಳಿದಳು: "ಅಜ್ಜ, ಇಲ್ಲಿಂದ ಮುಂದೆ ಎಲ್ಲಾ ಕಡೆ 'ಪ್ರೀ' ಅಂತ ಬರೆದಿದ್ದೀಯಲ್ಲ, ಏನದು?"

"ಪ್ರೀಮಿಯಂ ಪೆಟ್ರೋಲ್ ಕಣೆ. ಅದರಲ್ಲಿ ಆಕ್ಟೇನ್ ಜಾಸ್ತಿ. ಶಕ್ತಿ ಜಾಸ್ತಿ."

"ಆಕ್ಟೇನ್ ಅಂದ್ರೆ?"

ಬಿ.ಕಾಂ. ಓದಿದವನ ಬಾಯಿ ಕಟ್ಟಿತು. ಗೊತ್ತಿಲ್ಲದ ವಸ್ತುವಿಗೆ ಮೂರು ವರ್ಷ ದುಡ್ಡು ಕೊಟ್ಟಿದ್ದೆ! ಆಮೇಲೆ ಇಬ್ಬರೂ ಕೂತು ಓದಿದೆವು, ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಿ ಕೇಳಿದೆವು. ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಹೆಸರು. ಗ್ರೀಕ್ ಭಾಷೆಯಲ್ಲಿ ಎಂಟಕ್ಕೆ 'ಆಕ್ಟೊ', ಏಳಕ್ಕೆ 'ಹೆಪ್ಟ'. ನಮ್ಮ ಸಂಸ್ಕೃತದ ಅಷ್ಟ ಮತ್ತು ಸಪ್ತದ ಸೋದರ ಪದಗಳೇ ಇವು. ಆಕ್ಟೇನ್ ಅಣುವಿನಲ್ಲಿ ಎಂಟು ಇಂಗಾಲದ ಪರಮಾಣುಗಳಿದ್ದರೆ, ಹೆಪ್ಟೇನ್ ಅಣುವಿನಲ್ಲಿ ಏಳು. 1926ರ ಸುಮಾರಿಗೆ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಇವೆರಡನ್ನೂ ಇಟ್ಟುಕೊಂಡು ಪೆಟ್ರೋಲಿಗೆ ಒಂದು ಅಳತೆಗೋಲು ಮಾಡಿದರು. ಐಸೋ-ಆಕ್ಟೇನ್ ಎಂಬ ಬಗೆಗೆ 100 ಅಂಕ, ಹೆಪ್ಟೇನ್‌ಗೆ ಸೊನ್ನೆ. 91 ಆಕ್ಟೇನ್ ಪೆಟ್ರೋಲ್ ಎಂದರೆ, 91 ಪಾಲು ಐಸೋ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದರೆ ಪರೀಕ್ಷೆಯ ಇಂಜಿನ್ ಹೇಗೆ ನಡೆದುಕೊಳ್ಳುತ್ತದೋ, ಈ ಪೆಟ್ರೋಲ್ ಹಾಕಿದರೂ ಹಾಗೇ ನಡೆದುಕೊಳ್ಳುತ್ತದೆ ಎಂದರ್ಥ.

ಆದರೆ ಅಂಕ ಕೊಟ್ಟದ್ದು ಯಾವ ವಿಷಯಕ್ಕೆ? ಶಕ್ತಿಗೆ ಅಂದುಕೊಂಡಿದ್ದೆ ನಾನು. ತಾಳ್ಮೆಗೆ ಅಂತೆ!

ಇದನ್ನು ಬ್ಯಾಂಕಿನ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಅಜ್ಜಂದಿರಿಗೆ ಹಿತ್ತಾಳೆಯ ಟೋಕನ್ ನೆನಪಿರಬಹುದು. ಚೆಕ್ ಕೊಟ್ಟು ಟೋಕನ್ ಪಡೆದು ಕಾಯಬೇಕು. ಕ್ಯಾಷಿಯರ್ ನಂಬರ್ ಕೂಗಿದಾಗ ಒಬ್ಬೊಬ್ಬರೇ ಕೌಂಟರಿಗೆ ಬರಬೇಕು. ಇಂಜಿನ್ನಿನ ಸಿಲಿಂಡರ್ ಕೂಡ ಅಂಥದೇ ಹಾಲ್. ಪೆಟ್ರೋಲಿನ ಆವಿ ಮತ್ತು ಗಾಳಿ ಒಳಗೆ ಬಂದಾಗ ಪಿಸ್ಟನ್ ಅದನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಅಲ್ಲಿಂದ ಬೆಂಕಿ ಸಾಲಾಗಿ ಹರಡಿಕೊಂಡು ಹೋಗಬೇಕು. ಪಿಂಚಣಿಯ ದಿನ ಹಾಲ್ ಕಿಕ್ಕಿರಿದು, ಸೆಖೆ ಹೆಚ್ಚಾಗಿ, ಮೂಲೆಯಲ್ಲಿ ನಿಂತವರು ನಂಬರ್ ಕೂಗುವ ಮೊದಲೇ ನುಗ್ಗಿದರೆ ಏನಾಗುತ್ತದೆ? ಮೇಜು ಕುರ್ಚಿ ಉರುಳುತ್ತವೆ. ಹಾಗೆಯೇ ಮೂಲೆಯಲ್ಲಿ ಒತ್ತಿ ಬಿಸಿಯಾದ ಆವಿ, ಬೆಂಕಿ ತನ್ನ ಹತ್ತಿರ ಬರುವ ಮೊದಲೇ ತಾನೇ ಹೊತ್ತಿಕೊಂಡರೆ 'ಕಟಕಟ' ಎಂಬ ಸದ್ದು ಬರುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು 'ನಾಕಿಂಗ್' ಎನ್ನುತ್ತಾರೆ. ಬಹಳ ದಿನ ಹೀಗಾದರೆ ಪಿಸ್ಟನ್ನಿಗೇ ಪೆಟ್ಟು.

ಆಕ್ಟೇನ್ ಹೆಚ್ಚಿದ್ದಷ್ಟೂ ಹೀಗೆ ನುಗ್ಗದೆ ಕಾಯುವ ಗುಣ ಹೆಚ್ಚು. ಹೆಚ್ಚು ಒತ್ತುವ ಇಂಜಿನ್‌ಗಳಿಗೆ, ಟರ್ಬೊ ಇರುವ ಕೆಲವು ಕಾರುಗಳಿಗೆ, ವೇಗದ ಬೈಕುಗಳಿಗೆ ಈ ತಾಳ್ಮೆ ನಿಜವಾಗಿಯೂ ಬೇಕು. ನನ್ನ ಕಾರಿನ ಹಾಲ್‌ನಲ್ಲಿ ಅಷ್ಟು ನೂಕುನುಗ್ಗಲೇ ಇಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ: 91 ಸಾಕು. ಹನ್ನೊಂದು ವರ್ಷ ಅದು ಡ್ಯಾಷ್‌ಬೋರ್ಡಿನ ಖಾನೆಯಲ್ಲೇ ಇತ್ತು. ನಾನು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

"ಆದ್ರೂ ಆಕ್ಟೇನ್ ಜಾಸ್ತಿ ಇದ್ರೆ ಸ್ವಲ್ಪನಾದ್ರೂ ಶಕ್ತಿ ಜಾಸ್ತಿ ಇರಬೇಕಲ್ಲವಾ?" ಎಂದು ನಾನು ವಾದ ಮಾಡಿದೆ. ಪುಟ್ಟಿ ಎಥನಾಲ್ ತೋರಿಸಿದಳು. ಈಗ ಬಂಕಿನ ಸಾದಾ ಪೆಟ್ರೋಲಿನಲ್ಲೇ ಶೇಕಡಾ 20ರಷ್ಟು ಬೆರೆಸುತ್ತಾರಲ್ಲ, ಅದು. ಎಥನಾಲ್‌ನ ಆಕ್ಟೇನ್ ಅಂಕ ಸುಮಾರು 108. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ! ತಾಳ್ಮೆಯೇ ಬೇರೆ, ಶಕ್ತಿಯೇ ಬೇರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ? ಎಥನಾಲ್ ಬೆರೆತದ್ದರಿಂದ ಸಾದಾ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ ಎಂದು ಸರ್ಕಾರವೇ ಹೇಳಿದೆ. ಹಾಗಿದ್ದ ಮೇಲೆ 95ರ ಬೋರ್ಡು ನೋಡಿ ನಾನು ಕೊಡುತ್ತಿದ್ದ ಎಂಟು ರೂಪಾಯಿಗೆ ಏನರ್ಥ?

ಪ್ರೀಮಿಯಂನಲ್ಲಿ ಇಂಜಿನ್ ಶುಚಿ ಮಾಡುವ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ, ಅದು ಸುಳ್ಳಲ್ಲ. ಆದರೆ ಅದಕ್ಕೂ ಆಕ್ಟೇನ್‌ಗೂ ಸಂಬಂಧವಿಲ್ಲ. 2016ರಲ್ಲಿ ಅಮೆರಿಕದ ವಾಹನ ಸವಾರರ ದೊಡ್ಡ ಸಂಘ ಎಎಎ, ಸಾದಾ ಪೆಟ್ರೋಲಿಗೆಂದೇ ಮಾಡಿದ ಕಾರುಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷಿಸಿತು. ಶಕ್ತಿ, ಮೈಲೇಜು, ಹೊಗೆ ಯಾವುದರಲ್ಲೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಒಂದು ವರ್ಷದಲ್ಲಿ ಅಲ್ಲಿಯ ಜನ ಹೀಗೆ ಕಳೆದುಕೊಂಡ ಹಣ 210 ಕೋಟಿ ಡಾಲರಿಗೂ ಹೆಚ್ಚು ಎಂದು ಲೆಕ್ಕ ಹಾಕಿತು. ಸಂಕೋಚದವನು ನಾನೊಬ್ಬನೇ ಅಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಪುಟ್ಟಿಗೆ ಅಷ್ಟು ಸಾಲದು. "ನಮ್ಮ ಕಾರಲ್ಲೇ ನೋಡೋಣ" ಎಂದಳು. ಹಳೆಯ ಪುಟಗಳ ಜೊತೆ ಹೋಲಿಸೋಣ ಎಂದರೆ ಒಪ್ಪಲಿಲ್ಲ. "ಕಾರಿಗೂ ವಯಸ್ಸಾಗಿದೆಯಲ್ಲ ಅಜ್ಜ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಅಂತ ನಮ್ಮ ವಿಜ್ಞಾನದ ಮಿಸ್ ಹೇಳಿದ್ದಾರೆ." ಅದೇ ಬಂಕು, ಅದೇ ರಸ್ತೆ, ಪ್ರತಿ ಸಲ ಟ್ಯಾಂಕ್ ತುಂಬಿಸಿ ಲೆಕ್ಕ. ಎರಡು ತಿಂಗಳು ಪ್ರೀಮಿಯಂ: ಲೀಟರಿಗೆ 16.8 ಮತ್ತು 17.1 ಕಿಲೋಮೀಟರ್. ಎರಡು ತಿಂಗಳು ಸಾದಾ: 17.0 ಮತ್ತು 16.9. ಐದನೇ ತಿಂಗಳು ಸಾದಾ ಪೆಟ್ರೋಲೇ ಹಾಕಿಸಿ, ಟೈರಿಗೆ ಸರಿಯಾಗಿ ಗಾಳಿ ತುಂಬಿಸಿದೆವು: 17.4. ಎಂಟು ರೂಪಾಯಿ ಮಾಡದ ಕೆಲಸವನ್ನು ಪುಕ್ಕಟೆ ಗಾಳಿ ಮಾಡಿತ್ತು!

ಕೊನೆಗೆ ಪುಟ್ಟಿ ಕೂಡಿಸಿ ಗುಣಿಸಿದಳು. ತಿಂಗಳಿಗೆ 30 ಲೀಟರ್, 36 ತಿಂಗಳಿಗೆ 1,080 ಲೀಟರ್, ಎಂಟರಂತೆ 8,640 ರೂಪಾಯಿ.

ನಮ್ಮಾಕೆ ಅಲ್ಲೇ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಅವಳಿಗೆ ಮಂಡಿ ನೋವು. ವಾರಕ್ಕೆ ಎರಡು ಸಲ ಫಿಸಿಯೋಥೆರಪಿ ಬೇಕೆಂದು ಡಾಕ್ಟರು ಹೇಳಿದ್ದರು. ಒಂದು ಸಲಕ್ಕೆ 400 ರೂಪಾಯಿ. ಹೋದ ವರ್ಷ ನಾನೇ, "ಪಿಂಚಣಿಯಲ್ಲಿ ಕಷ್ಟ ಕಣೆ, ಒಂದೇ ಸಲ ಹೋಗೋಣ" ಎಂದು ಕಡಿಮೆ ಮಾಡಿಸಿದ್ದೆ. ಅವಳು ಎದುರಾಡಿರಲಿಲ್ಲ.

ನನ್ನ ತಲೆ ತಾನಾಗಿಯೇ ಭಾಗಾಕಾರ ಮಾಡಿತು. 8,640ನ್ನು 400ರಿಂದ ಭಾಗಿಸಿದರೆ 21, ಉಳಿಕೆ 240. ಇಪ್ಪತ್ತೊಂದು ಸಲ. ಬಾಯಿ ಬಿಡಲಿಲ್ಲ. ಆದರೆ ಐವತ್ತು ವರ್ಷ ಜೊತೆಗಿದ್ದವಳಿಗೆ ನನ್ನ ಮುಖ ಓದಲು ಬಾರದೆ ಇರುತ್ತದೆಯೆ?

"ಏನ್ರೀ, ಕಾರಿನ ಮಂಡಿ ನೋವು ವಾಸಿ ಆಯ್ತಾ?" ಎಂದಳು, ತಲೆ ಎತ್ತದೆ.

ಪುಟ್ಟಿಗೆ ಅರ್ಥವಾಗಲಿಲ್ಲ, ನಕ್ಕಳು. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಂಕಿನ ಹುಡುಗನ ಎದುರು 'ಬೇಡ' ಎನ್ನಲು ನಾಚಿಕೊಂಡವನು, ಮನೆಯವಳ ಎದುರು 'ಆಗಲ್ಲ' ಎಂದು ಸಲೀಸಾಗಿ ಹೇಳಿಬಿಟ್ಟಿದ್ದೆನಲ್ಲ!

ಈಗ ಮಂಗಳವಾರ, ಶುಕ್ರವಾರ ಎರಡೂ ದಿನ ಹೋಗುತ್ತೇವೆ. ಕಳೆದ ವಾರ ಬಂಕಿನ ಹುಡುಗ ಮತ್ತೆ ಕೇಳಿದ, "ಪ್ರೀಮಿಯಂ ಹಾಕ್ಲಾ, ಸಾರ್?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ನಮ್ಮಾಕೆ, "ಸಾದಾ ಹಾಕಪ್ಪ, ಗಾಳಿ ಮಾತ್ರ ಸರಿಯಾಗಿ ನೋಡು" ಎಂದಳು.

ಮಕ್ಕಳೇ, ಈ ವಾರದ ಕೆಲಸ: ನಿಮ್ಮ ಮನೆಯಲ್ಲಿ ಕಾರೋ ಸ್ಕೂಟರೋ ಇದ್ದರೆ ಅದರ ಪುಸ್ತಕವನ್ನು ಅಜ್ಜನ ಜೊತೆ ತೆರೆಯಿರಿ. ಎಷ್ಟು ಆಕ್ಟೇನ್ ಬೇಕು, ಟೈರಿಗೆ ಎಷ್ಟು ಗಾಳಿ ಬೇಕು, ಎರಡನ್ನೂ ಬರೆದಿಟ್ಟುಕೊಳ್ಳಿ. 95 ಅಥವಾ 97 ಬೇಕೇ ಬೇಕು ಎಂದಿದ್ದರೆ ಜಿಪುಣತನ ಮಾಡದೆ ಅದನ್ನೇ ಹಾಕಿಸಲು ಹೇಳಿ. 91 ಸಾಕು ಎಂದಿದ್ದರೆ ಸಾದಾ ಪೆಟ್ರೋಲೇ ಸಾಕು. ಆಮೇಲೂ ದಿಬ್ಬ ಏರುವಾಗ ಕಟಕಟ ಸದ್ದು ಬಂದರೆ ಬಂಕಿಗಲ್ಲ, ಮೆಕ್ಯಾನಿಕ್ ಹತ್ತಿರ ಹೋಗಬೇಕು. ಉಳಿದ ದುಡ್ಡನ್ನು ಯಾವ ಖಾತೆಗೆ ಜಮಾ ಮಾಡಬೇಕು ಎಂದು ಅಜ್ಜಿಯನ್ನು ಕೇಳಿ.