ಒನ್ ವೇ ಬೋರ್ಡು ನಡೆಯುವವರನ್ನು ಕಾಯುವುದಿಲ್ಲ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮತ್ತೆ ಮತ್ತೆ ಏಳುವ ಜಗಳವಿದು. ಕ್ರಾಸ್ ರಸ್ತೆಗೆ ಎರಡೂ ಕಡೆಯಿಂದ ಗಾಡಿಗಳು ನುಗ್ಗುತ್ತವೆ, ವಯಸ್ಸಾದವರು ಹಾಲು ತರಲು ಹೋಗುವುದಕ್ಕೂ ಹೆದರುತ್ತಾರೆ, ಆದ್ದರಿಂದ ಒನ್ ವೇ ಮಾಡಿ ಎಂದು ನಿವಾಸಿಗಳ ಸಂಘ ಟ್ರಾಫಿಕ್ ಪೊಲೀಸರಿಗೆ ಅರ್ಜಿ ಕೊಡುತ್ತದೆ. ವ್ಯಾಪಾರ ಕೆಡುತ್ತದೆಂದು ಮೂಲೆ ಅಂಗಡಿಯವರು ವಿರೋಧಿಸುತ್ತಾರೆ. ಆ ಗಾಡಿಗಳೆಲ್ಲ ನಮ್ಮ ಮನೆ ಮುಂದೆ ಬರುತ್ತವೆಂದು ಪಕ್ಕದ ಕ್ರಾಸಿನವರು ಸಿಟ್ಟಾಗುತ್ತಾರೆ. ವಾದವೆಲ್ಲ ಗಾಡಿ ಯಾವ ಕಡೆಯಿಂದ ಬರಬೇಕು ಎಂಬುದರ ಸುತ್ತಲೇ. ನಡೆಯುವವರಿಗೆ ಎಷ್ಟು ಅಡಿ ಜಾಗ ಉಳಿದಿದೆ ಎಂದು ಯಾರೂ ಟೇಪು ಹಿಡಿದು ನೋಡುವುದಿಲ್ಲ.

ನೋಡೋಣ. ಕಾಗದದಲ್ಲಿ 30 ಅಡಿ ಎಂದಿರುವ ರಸ್ತೆ. ಎರಡು ಬದಿಯ ಚರಂಡಿ, ಮನೆಗಳು ಹೊರಚಾಚಿದ ರ‍್ಯಾಂಪು, ಕರೆಂಟ್ ಕಂಬ ಕಳೆದರೆ ಡಾಂಬರು 20 ಅಡಿ ಉಳಿದರೆ ಹೆಚ್ಚು. ಸಾಧಾರಣ ಕಾರು ಸುಮಾರು ಆರಡಿ ಅಗಲ. ಎರಡೂ ಬದಿ ಕಾರು ನಿಂತರೆ 12 ಅಡಿ ಹೋಯಿತು. ಮಿಕ್ಕ ಎಂಟು ಅಡಿಗೆ ಒಂದು ನೀರಿನ ಟ್ಯಾಂಕರ್ ಬಂದರೆ ಅದೇ ಇಡೀ ರಸ್ತೆ. ಎದುರಿನಿಂದ ಆಟೋ ಬಂದಾಗ ಎರಡರ ನಡುವೆ ಸಿಕ್ಕಿಬೀಳುವವರು ಕೈಯಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿರುವವರು. ಫುಟ್‌ಪಾತಿಗೆ ಹತ್ತೋಣವೆಂದರೆ ಅಲ್ಲಿ ಸ್ಕೂಟರು, ಹೂಕುಂಡ, ಅರ್ಧ ಎದ್ದ ಚಪ್ಪಡಿ ಕಲ್ಲು. ಒಂದೊಂದು ಮನೆಯ ರ‍್ಯಾಂಪು ಒಂದೊಂದು ಎತ್ತರ. ಮಂಡಿನೋವಿನವರು ಪ್ರತಿ ಮನೆ ಮುಂದೆ ಹತ್ತಿ ಇಳಿಯಲಾರರು, ಗಾಲಿಕುರ್ಚಿಯವರಿಗಂತೂ ಆ ಮಾತೇ ಇಲ್ಲ. ಎಲ್ಲರೂ ರಸ್ತೆಗೇ ಇಳಿಯಬೇಕು. ಹಾಗೆ ಇಳಿದವರಿಗೆ ಹಿಂದಿನಿಂದ ಹಾರ್ನ್ ಹೊಡೆದು ‘ಪಕ್ಕಕ್ಕೆ ನಡೀರಿ’ ಎನ್ನುವುದು ಅನ್ಯಾಯ. ಪಕ್ಕ ಎಂಬುದೇ ಉಳಿದಿಲ್ಲವಲ್ಲ.

ವಾಸದ ರಸ್ತೆಗಳ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವಾದ ಜಾಗವಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಹೇಳಿದೆ. ಅಂದರೆ ಸರಿಸುಮಾರು ಆರಡಿ, ನಿಂತ ಒಂದು ಕಾರಿನ ಅಗಲ. ಒಂದು ಬದಿಯ ಕಾರುಗಳ ಸಾಲು ತೆಗೆದರೆ, ಒಂದು ಮರ ಕಡಿಯದೆ, ಒಂದು ಕಾಂಪೌಂಡು ಒಡೆಯದೆ ಫುಟ್‌ಪಾತಿಗೆ ಜಾಗ ಸಿಗುತ್ತದೆ. ಇಷ್ಟು ಸುಲಭದ ಉತ್ತರ ಕಣ್ಣೆದುರಿಗಿದ್ದರೂ ಅರ್ಜಿಗಳಲ್ಲಿ ಅದು ಬರುವುದಿಲ್ಲ. ಬರೆಯುವವರ ಕಾರೂ ಆ ಸಾಲಿನಲ್ಲೇ ನಿಂತಿರುತ್ತದೆ.

ಬರೀ ಒನ್ ವೇ ಮಾಡಿದರೆ ಏನಾಗುತ್ತದೆ? ಎದುರಿನಿಂದ ಯಾರೂ ಬರುವುದಿಲ್ಲವೆಂದು ಗೊತ್ತಾದ ತಕ್ಷಣ ಕಾಲು ಆಕ್ಸಿಲರೇಟರ್ ಒತ್ತುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಒನ್ ವೇ ಆಗಿ ವರ್ಷಗಳೇ ಕಳೆದಿವೆ. ಅಲ್ಲಿ ರಸ್ತೆ ದಾಟಲು ಕಾದು ನಿಂತ ಅಜ್ಜಿಯರನ್ನು ಕೇಳಿ. ಗಂಟೆಗೆ 30 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಎಂಟು ಮೀಟರ್ ಸಾಗುತ್ತದೆ, 50 ಕಿ.ಮೀ. ವೇಗದ್ದು ಸುಮಾರು 14 ಮೀಟರ್. 30-40ರ ಸೈಟಿನ ಮುಂಭಾಗ ಒಂಬತ್ತು ಮೀಟರ್. ಗೇಟಿನಿಂದ ಮಗು ಚೆಂಡಿನ ಹಿಂದೆ ಓಡಿ ಬಂದರೆ, ಚಾಲಕನ ಕಾಲು ಬ್ರೇಕಿಗೆ ಮುಟ್ಟುವಷ್ಟರಲ್ಲಿ 50ರ ವೇಗದ ಗಾಡಿ ಒಂದೂವರೆ ಮನೆ ದಾಟಿರುತ್ತದೆ. ಇಕ್ಕಟ್ಟಿನ ರಸ್ತೆಯಲ್ಲಿ ಎರಡೂ ಕಡೆಯ ಸಂಚಾರ ಅಪಾಯವೆನ್ನುವುದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾರ್ಕಿಂಗ್ ತೆಗೆಯದೆ, ವೇಗ ಕಟ್ಟಿಹಾಕದೆ ಮಾಡುವ ಒನ್ ವೇ, ಮೊದಲಿದ್ದ ಅಪಾಯದ ಬದಲು ಇನ್ನೊಂದನ್ನು ತರುತ್ತದೆ.

ಇದು ಸಣ್ಣ ವಿಷಯವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಜನ ಪಾದಚಾರಿಗಳು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ಹಿಂದೆ ನಮ್ಮದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. ಬೆಂಗಳೂರಿನ ಫುಟ್‌ಪಾತು ಅವರಿಗೆ ಗೊತ್ತಿಲ್ಲದ್ದೇನಲ್ಲ.

‘ಹಾಗಾದರೆ ಕಾರು ಎಲ್ಲಿ ನಿಲ್ಲಿಸೋದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಗರದಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಅಷ್ಟಕ್ಕೂ ಬೀದಿಯಲ್ಲಿ ಜಾಗ ಕೊಡಲು ಯಾವ ಪಾಲಿಕೆಗೂ ಆಗದು. ಮನೆಯ ಪ್ಲಾನಿನಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಜಾಗವನ್ನು ಅಂಗಡಿಗೋ ಬಾಡಿಗೆ ರೂಮಿಗೋ ಕೊಟ್ಟು, ಕಾರನ್ನು ಬೀದಿಗೆ ಬಿಡುವ ಹಕ್ಕು ಯಾರಿಗೂ ಇಲ್ಲ. ‘ಆಂಬುಲೆನ್ಸ್, ಫೈರ್ ಎಂಜಿನ್ ಬರಬೇಡವೇ?’ ಎಂಬುದು ಇನ್ನೊಂದು. ಇವತ್ತು ಅವುಗಳಿಗೆ ದಾರಿ ಕಟ್ಟಿರುವುದೇ ಎರಡು ಸಾಲು ಕಾರುಗಳು.

ಮೇನ್ ರೋಡಿನ ಸಿಗ್ನಲ್ ತಪ್ಪಿಸಲು ಫೋನಿನ ಮ್ಯಾಪ್ ನೋಡಿಕೊಂಡು ಒಳಗೆ ನುಗ್ಗುವ ಗಾಡಿಗಳನ್ನೂ ತಡೆಯಬೇಕು. ಕ್ರಾಸಿನ ಒಂದು ತುದಿಗೆ, ಬೇಕಾದಾಗ ತೆಗೆಯಬಹುದಾದ ಕಂಬಗಳನ್ನು ನೆಟ್ಟರೆ ನಡೆಯುವವರು, ಸೈಕಲ್ಲಿನವರು ದಾಟುತ್ತಾರೆ, ಅಡ್ಡದಾರಿ ಹಿಡಿದವರು ವಾಪಸ್ ಹೋಗುತ್ತಾರೆ. ವಾಸದ ಬೀದಿಯಲ್ಲಿ ನಡೆಯುವವರದೇ ಮೊದಲ ಹಕ್ಕು, ಗಾಡಿ ನಡಿಗೆಯ ವೇಗಕ್ಕೆ ಇಳಿಯಬೇಕು ಎಂದು ನೆದರ್ಲೆಂಡ್ಸ್ 1976ರಲ್ಲೇ ಕಾನೂನು ಮಾಡಿತು. ಬೆಂಗಳೂರಿನ ಐದು ಪಾಲಿಕೆಗಳು ಒಂದೊಂದು ಬಡಾವಣೆಯಲ್ಲಾದರೂ ಇದನ್ನು ಮಾಡಿ ತೋರಿಸಲಿ.

ನಿಮ್ಮ ಸಂಘದವರು ಒನ್ ವೇ ಅರ್ಜಿಗೆ ಸಹಿ ಕೇಳಿಕೊಂಡು ಬಂದರೆ, ಅದರ ಕೆಳಗೆ ಮೂರು ಸಾಲು ಬರೆಸಿ: ಒಂದು ಬದಿ ಪಾರ್ಕಿಂಗ್ ನಿಷೇಧ, ಆ ಜಾಗದಲ್ಲಿ ಸಮತಟ್ಟಾದ ಫುಟ್‌ಪಾತ್, ಗಂಟೆಗೆ 20 ಕಿ.ಮೀ. ಮಿತಿ. ಬರೆಯಲು ಒಪ್ಪದಿದ್ದರೆ ಸಹಿ ಹಾಕಬೇಡಿ.