ಮೈಲೇಜು ಹೆಚ್ಚಿದರೆ ಹೊಗೆ ತಗ್ಗೀತೇ?



ನಾನು ಹೈಸ್ಕೂಲು ಮುಗಿಸಿ ನೇಗಿಲು ಹಿಡಿದವನು. ಮೋಟಾರು ಶಾಸ್ತ್ರ ಗೊತ್ತಿಲ್ಲ, ಲೆಕ್ಕ ಮಾತ್ರ ಮರೆತಿಲ್ಲ. 'ಲೀಟರಿಗೆ ಹೆಚ್ಚು ದೂರ ಓಡುವ ಕಾರು ಕೊಳ್ಳಿ, ದೇಶದ ಗಾಳಿ ಶುದ್ಧವಾಗುತ್ತೆ' ಅಂತ ಪಟ್ಟಣದ ಬುದ್ಧಿವಂತರು ಹೇಳ್ತಾರೆ. ಈ ಮಾತನ್ನು ಮೊದಲು ನಮ್ಮ ತೋಟದಲ್ಲೇ ಒರೆಗೆ ಹಚ್ಚೋಣ.

ನನ್ನ ಎರಡು ಎಕರೆ ಅಡಿಕೆಗೆ ಹನಿ ನೀರಾವರಿ ಹಾಕಿಸಿದೆ. ಗಿಡಕ್ಕೆ ಬೇಕಾದ ನೀರು ನಿಜಕ್ಕೂ ಕಡಿಮೆಯಾಯಿತು. ಉಳಿದ ನೀರನ್ನು ಭೂಮಿಯಲ್ಲೇ ಬಿಟ್ಟೆನೇ? ಇಲ್ಲ. ರಾಗಿ ಬೆಳೆಯುತ್ತಿದ್ದ ಪಕ್ಕದ ಎರಡು ಎಕರೆಗೂ ಸಸಿ ಇಟ್ಟೆ. ನೆರೆಯವರೂ ಅದನ್ನೇ ಮಾಡಿದರು. ನಾಲ್ಕೇ ವರ್ಷಕ್ಕೆ ಬೋರು ಬತ್ತಿತು. ಹೊಸ ಬೋರಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ತಪ್ಪು ಪೈಪಿನದಲ್ಲ, ಉಳಿದದ್ದನ್ನು ಉಳಿಯಗೊಡದ ನಮ್ಮ ಆಸೆಯದು.

ಕಾರಿನ ಕತೆಯೂ ಇದೇ. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ದಿನಕ್ಕೆ 30 ಕಿ.ಮೀ. ಹೋದರೆ 2 ಲೀಟರು. 20 ಕಿ.ಮೀ. ಓಡುವ ಕಾರಾದರೆ ಒಂದೂವರೆ. ಅರ್ಧ ಲೀಟರು ಉಳಿಯಿತು, ಸರಿ. ಆದರೆ ಖರ್ಚು ತಗ್ಗಿತಲ್ಲ ಅಂತ ದಿನಕ್ಕೆ 40 ಕಿ.ಮೀ. ಓಡಾಡಿದರೆ? ಮತ್ತೆ 2 ಲೀಟರು! ಮಗನಿಗೂ ಒಂದು ಕಾರು ಕೊಡಿಸಿದರೆ? ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡು. ಅದಕ್ಕೆ ಮೈಲೇಜು ಗೊತ್ತಿಲ್ಲ, ಉರಿದ ಲೀಟರು ಮಾತ್ರ ಗೊತ್ತು.

ಇದು ಹೊಸ ಸಂಗತಿಯೂ ಅಲ್ಲ. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇದನ್ನು ಬರೆದಿಟ್ಟ. ಉಗಿಯಂತ್ರ ಸುಧಾರಿಸಿ ಕಲ್ಲಿದ್ದಲು ಕಡಿಮೆ ತಿನ್ನತೊಡಗಿದಾಗ ಯಂತ್ರಗಳೇ ಹೆಚ್ಚಿ, ಒಟ್ಟು ಕಲ್ಲಿದ್ದಲಿನ ಖರ್ಚು ಏರಿತು ಅಂತ.

ಇನ್ನೊಂದು ಮೋಸವೂ ಉಂಟು. ಮೈಲೇಜು ಹೆಚ್ಚಿದ ಮಾತ್ರಕ್ಕೆ ಹೊಗೆ ಶುದ್ಧವಲ್ಲ. ಯುರೋಪಿನ ಸರಕಾರಗಳು ಕಡಿಮೆ ಇಂಧನದ ಹೆಸರಿನಲ್ಲಿ ಡೀಸೆಲ್ ಕಾರುಗಳಿಗೆ ಉತ್ತೇಜನ ಕೊಟ್ಟವು. 2015ರಲ್ಲಿ ಏನಾಯಿತು? ಪರೀಕ್ಷೆಯಲ್ಲಿ ಮಾತ್ರ ಹೊಗೆ ತಗ್ಗಿಸುವ ಕಳ್ಳ ಉಪಾಯವನ್ನು ಸುಮಾರು 1.1 ಕೋಟಿ ಕಾರುಗಳಲ್ಲಿ ಅಳವಡಿಸಿದ್ದೇವೆಂದು ಫೋಕ್ಸ್‌ವ್ಯಾಗನ್ ಕಂಪನಿ ಒಪ್ಪಿಕೊಂಡಿತು.

'ಹಾಗಾದರೆ ಹೆಚ್ಚು ಪೆಟ್ರೋಲು ಕುಡಿಯುವ ಕಾರೇ ಒಳ್ಳೆಯದೇನಯ್ಯಾ?' ಅಂತ ಕೇಳಬಹುದು. ಖಂಡಿತ ಅಲ್ಲ. ಕಾರಿನ ಸಂಖ್ಯೆಯೂ ಓಡುವ ದೂರವೂ ಹೆಚ್ಚದಿದ್ದರೆ ಉಳಿತಾಯ ನಿಜ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರು ಮನೆಗೆ ಸುಮಾರು 8ರಲ್ಲಿ ಮಾತ್ರ ಕಾರಿತ್ತು. ಇಂಥ ದೇಶದಲ್ಲಿ ಕಾರು ಅಗ್ಗ ಮಾಡಿದರೆ ಹಳೆಯ ಕಾರಿನ ಜಾಗಕ್ಕೆ ಹೊಸದು ಬರುವುದಿಲ್ಲ, ಅದರ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ಸರಕಾರ ಮಾಡಿದ್ದೇನು? 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ.ಯನ್ನು 28ರಿಂದ 18ಕ್ಕೆ ಇಳಿಸಿ, ಮೇಲಿನ ಸೆಸ್ಸನ್ನೂ ತೆಗೆಯಿತು. ರಿಯಾಯಿತಿಗೆ ಅಳೆದದ್ದು ಕಾರಿನ ಉದ್ದ ಮತ್ತು ಇಂಜಿನ್ನಿನ ಗಾತ್ರವನ್ನು, ಹೊಗೆಯನ್ನಲ್ಲ! ಬಸ್ಸಿಗೂ ಅದೇ ಶೇ. 18. ಐವತ್ತು ಜನರನ್ನು ಹೊರುವ ಬಸ್ಸಿಗೂ ಒಬ್ಬನೇ ಕೂತು ಹೋಗುವ ಕಾರಿಗೂ ಒಂದೇ ತೆರಿಗೆ. ಇದು ಯಾವ ನ್ಯಾಯ?

ನಮ್ಮಲ್ಲೂ ಕಾರು ಕೊಂಡವರಿದ್ದಾರೆ. ಎಷ್ಟೋ ಜನ ಶೋಕಿಗಲ್ಲ, ಬಸ್ಸು ಬಾರದ್ದಕ್ಕೆ ಕೊಂಡು ಕಂತು ಕಟ್ಟುತ್ತಿದ್ದಾರೆ. ಬೋರಿನ ಸಾಲದ ಮೇಲೆ ಕಾರಿನ ಸಾಲ!

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಬಸ್ಸಿನ ತೆರಿಗೆ ಕಾರಿನದಕ್ಕಿಂತ ಕಡಿಮೆಯಾಗಲಿ. ಪ್ರತಿ ಹಳ್ಳಿಗೂ ಬೆಳಿಗ್ಗೆ ಸಂಜೆ ಬಸ್ಸು ಬರಲಿ. ಹೊಗೆಯ ಲೆಕ್ಕವನ್ನು ಮೈಲೇಜಿನಿಂದಲ್ಲ, ದೇಶದಲ್ಲಿ ಉರಿದ ಒಟ್ಟು ಲೀಟರಿನಿಂದ ಕೊಡಲಿ. ಬೋರು ಬತ್ತಿದ ಮೇಲೆ ನಾವು ಕಲಿತ ಪಾಠವನ್ನು ಸರಕಾರ ಗಾಳಿ ಕೆಟ್ಟ ಮೇಲೆ ಕಲಿಯುವುದು ಬೇಡ.